ಕನ್ನಡದಲ್ಲಿ ಪ್ರಶ್ನೋತ್ತರ ತಾಣ: ಸಾಫ್ಟ್‌ವೇರ್ ಆರಿಸುವುದು ಹೇಗೆ, ಪರೀಕ್ಷಿಸುವುದು ಹೇಗೆ

ಸಮುದಾಯದ ಪ್ರಶ್ನೋತ್ತರ ತಾಣ ಕಟ್ಟಲು ಹೊರಟವರು ಮೊದಲು ನೋಡುವುದು ವೋಟು, ಅಂಕ, ಬ್ಯಾಡ್ಜು, ಥೀಮು. ಇವು ಹೆಚ್ಚುಕಡಿಮೆ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಇವೆ, ಇವುಗಳಿಂದ ಯಾವ ತಾಣವೂ ಉಳಿದಿಲ್ಲ. ನೋಡಬೇಕಾದದ್ದು ಬೇರೆ: ಈ ಮಳೆಗಾಲದಲ್ಲಿ ಒಬ್ಬರು ಕೇಳಿ ಉತ್ತರ ಪಡೆದ ಪ್ರಶ್ನೆ, ಮುಂದಿನ ಮಳೆಗಾಲದಲ್ಲಿ ಇನ್ನೊಬ್ಬರು ಹುಡುಕಿದಾಗ ಅವರ ಕಣ್ಣಿಗೆ ಬೀಳುತ್ತದೆಯೇ? ಬೀಳದಿದ್ದರೆ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ವಿಷಯ ಗೊತ್ತಿದ್ದವರು ಬರೆದು ಬರೆದು ಬೇಸತ್ತು ಬಿಟ್ಟುಹೋಗುತ್ತಾರೆ. ವಾಟ್ಸಾಪ್ ಗುಂಪುಗಳಲ್ಲಿ ಆಗುತ್ತಿರುವುದು ಇದೇ. ಕನ್ನಡದಲ್ಲಿ ಈ ತೊಡಕು ಇಂಗ್ಲಿಷಿಗಿಂತ ಹೆಚ್ಚು. ಇಂಥ ಸಾಫ್ಟ್‌ವೇರ್ ಬರೆದವರು ವಿಭಕ್ತಿ ಪ್ರತ್ಯಯವನ್ನಾಗಲಿ ಒತ್ತಕ್ಷರವನ್ನಾಗಲಿ ಮನಸ್ಸಿನಲ್ಲಿಟ್ಟುಕೊಂಡು ಬರೆದವರಲ್ಲ.

ಉದಾಹರಣೆಗೆ ಅಡಿಕೆ ಮತ್ತು ಕಾಳುಮೆಣಸು ಬೆಳೆಗಾರರಿಗೆ ಒಂದು ತಾಣ ಎಂದಿಟ್ಟುಕೊಳ್ಳೋಣ. ಸದಸ್ಯರು ಕೆಲವು ನೂರು, ಬಹುತೇಕ ಎಲ್ಲರೂ ಮೊಬೈಲಿನಲ್ಲೇ ಓದಿ ಬರೆಯುವವರು, ನಡೆಸುವವರು ಎರಡು ಮೂರು ಜನ ಸ್ವಯಂಸೇವಕರು. ಶಿಕ್ಷಕರಿಗೆ, ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ, ಹಳಗನ್ನಡ ಓದುವವರಿಗೆ ಎಂದು ಕಟ್ಟಿದರೂ ಲೆಕ್ಕಾಚಾರ ಇದೇ.

ಸಾಫ್ಟ್‌ವೇರ್ ನೋಡುವ ಮೊದಲು

ಎರಡು ವಿಷಯ ಖಚಿತ ಮಾಡಿಕೊಳ್ಳಿ. ಒಂದು, ಸರ್ವರ್ ನೋಡಿಕೊಳ್ಳುವವರು ಯಾರು? ಲಿನಕ್ಸ್ ಕಮಾಂಡ್ ಗೊತ್ತಿರುವ, ತಿಂಗಳಿಗೊಮ್ಮೆ ಅಪ್‌ಡೇಟ್ ಮಾಡಲು ಒಂದು ಗಂಟೆ ಕೊಡಬಲ್ಲ ಒಬ್ಬರಾದರೂ ಇದ್ದಾರೆಯೇ? ಅವರು ಕೆಲಸ ಬದಲಿಸಿ ಬೇರೆ ಊರಿಗೆ ಹೋದರೆ ಎರಡನೆಯವರು ಯಾರು? ಈ ಉತ್ತರವೊಂದೇ ಅರ್ಧ ಪಟ್ಟಿಯನ್ನು ಹೊಡೆದುಹಾಕುತ್ತದೆ. ಎರಡು, ಬರುವುದು ನಿಜಕ್ಕೂ ಪ್ರಶ್ನೆಗಳೋ, ಹರಟೆಯೋ? "ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಯಾವಾಗ?" ಎಂಬುದಕ್ಕೆ ಸರಿ ಉತ್ತರ ಎಂಬುದೊಂದಿದೆ, ಅದು ವೋಟು ಪಡೆದು ಮೇಲೆ ಬರಬೇಕು. "ಈ ವರ್ಷ ಅಡಿಕೆ ದರ ಎಲ್ಲಿಗೆ ಹೋಗಬಹುದು?" ಎಂಬುದು ಮಾತುಕತೆ. ಅದನ್ನು ಪ್ರಶ್ನೋತ್ತರದ ಚೌಕಟ್ಟಿಗೆ ತುರುಕಿದರೆ ಜನಪ್ರಿಯ ಊಹೆ ಮೇಲೆ ಬರುತ್ತದೆ, ತಿಳಿದವರ ಮಾತು ಕೆಳಗೆ ಉಳಿಯುತ್ತದೆ. ಎರಡೂ ಬೇಕೆಂದಾದರೆ ಎರಡನ್ನೂ ಬೇರೆಬೇರೆ ವಿಭಾಗವಾಗಿ ಇಡಬಲ್ಲ ಸಾಫ್ಟ್‌ವೇರ್ ಬೇಕು.

ಇನ್ನೊಂದು ಮಾತು. ನಿಮ್ಮ ವಿಷಯ ಇಂಗ್ಲಿಷ್‌ನಲ್ಲಿ ನಡೆಯುವ ಪ್ರೋಗ್ರಾಮಿಂಗ್, ಗಣಿತ, ಲಿನಕ್ಸ್ ಮುಂತಾದುದಾದರೆ ಹೊಸ ತಾಣ ಕಟ್ಟಬೇಡಿ. ಸ್ಟ್ಯಾಕ್ ಎಕ್ಸ್‌ಚೇಂಜ್ ಎಂಬ ಪ್ರಶ್ನೋತ್ತರ ತಾಣಗಳ ಜಾಲದಲ್ಲಿ ಆ ಜಾಗ ಆಗಲೇ ಇದೆ. ರೋಬಾಟಿಕ್ಸ್‌ನ ರೋಸ್ ಆನ್ಸರ್ಸ್ ಎಂಬ ಹಳೆಯ ಸ್ವತಂತ್ರ ತಾಣ ಕೂಡ 2023ರಲ್ಲಿ ಅಲ್ಲಿಗೇ ಸೇರಿಕೊಂಡಿತು.

ಆಯ್ಕೆಗಳು

ಕ್ವೆಶ್ಚನ್‌ಟುಆನ್ಸರ್ 2010ರಿಂದ ಇದೆ. ಪಿಎಚ್‌ಪಿ ಭಾಷೆ ಮತ್ತು ಮೈಎಸ್‌ಕ್ಯುಎಲ್ ಡೇಟಾಬೇಸ್ ಮೇಲೆ ನಡೆಯುತ್ತದೆ, ಆದ್ದರಿಂದ ತಿಂಗಳಿಗೆ ಕೆಲವು ನೂರು ರೂಪಾಯಿಯ ಶೇರ್ಡ್ ಹೋಸ್ಟಿಂಗ್ (ಹಲವು ತಾಣಗಳು ಒಂದೇ ಸರ್ವರ್ ಹಂಚಿಕೊಳ್ಳುವ ಬಾಡಿಗೆ ಜಾಗ) ಸಾಕು. ಅನುಸ್ಥಾಪನೆ ಅರ್ಧ ಗಂಟೆಯ ಕೆಲಸ: ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಖಾಲಿ ಡೇಟಾಬೇಸ್ ಮಾಡಿ, ಮಾದರಿ ಕಾನ್ಫಿಗ್ ಫೈಲಿನ ಪ್ರತಿ ತೆಗೆದು ಹೆಸರು ಬದಲಿಸಿ, ಅದರಲ್ಲಿ ಡೇಟಾಬೇಸ್ ಸರ್ವರ್, ಬಳಕೆದಾರ, ಪಾಸ್‌ವರ್ಡ್, ಡೇಟಾಬೇಸ್ ಹೆಸರು ಎಂಬ ನಾಲ್ಕು ಮೌಲ್ಯ ತುಂಬಿ, ಎಲ್ಲವನ್ನೂ ಅಪ್‌ಲೋಡ್ ಮಾಡಿ ಬ್ರೌಸರಿನಲ್ಲಿ ತೆರೆದರೆ ಟೇಬಲ್‌ಗಳನ್ನು ಅದೇ ಮಾಡಿಕೊಳ್ಳುತ್ತದೆ. ಪ್ರಶ್ನೆ ಕೇಳುವಾಗಲೇ "ಇಂಥದ್ದು ಆಗಲೇ ಇದೆ ನೋಡಿ" ಎಂದು ತೋರಿಸುವ ಸೌಲಭ್ಯವಿದೆ. ವರ್ಡ್‌ಪ್ರೆಸ್ ತಾಣದ ಲಾಗಿನ್ನನ್ನೇ ಇದಕ್ಕೂ ಬಳಸಬಹುದು. ಕೊರತೆ ಮೂರು. ಅಭಿವೃದ್ಧಿ ನಿಧಾನ. ಹಳೆಯ ಪ್ಲಗಿನ್‌ಗಳಲ್ಲಿ ಹಲವು ಪಿಎಚ್‌ಪಿ 8ರಲ್ಲಿ ಕೈಕೊಡುತ್ತವೆ. ಜೊತೆಗೆ ಇದರ ಹುಡುಕಾಟ ಇಡೀ ಪದವನ್ನು ಮಾತ್ರ ಹೊಂದಿಸಿ ನೋಡುತ್ತದೆ, ಕನ್ನಡಕ್ಕೆ ಅದೇ ದೊಡ್ಡ ಪೆಟ್ಟು. ಅದರ ವಿವರ ಮುಂದೆ ಇದೆ.

ಅಪಾಚೆ ಆನ್ಸರ್ ಹೊಸದು, ಗೋ ಭಾಷೆಯಲ್ಲಿ ಬರೆದದ್ದು, ಮೊದಲು ಚೀನಾದ ಸೆಗ್ಮೆಂಟ್‌ಫಾಲ್ಟ್ ತಂಡದ್ದಾಗಿತ್ತು, 2023ರಲ್ಲಿ ಅಪಾಚೆ ಇನ್ಕ್ಯುಬೇಟರ್‌ಗೆ ಬಂತು. ಡಾಕರ್ (ಪ್ರೋಗ್ರಾಮನ್ನು ಕಂಟೇನರ್ ಎಂಬ ಪೆಟ್ಟಿಗೆಯಲ್ಲಿ ಕಟ್ಟಿ ನಡೆಸುವ ಸಾಧನ) ಗೊತ್ತಿದ್ದರೆ ಹತ್ತು ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ಎಸ್‌ಕ್ಯುಎಲೈಟ್, ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್ ಎಂಬ ಮೂರು ಡೇಟಾಬೇಸ್‌ಗಳಲ್ಲಿ ಯಾವುದಾದರೂ ಸರಿ. ಸಣ್ಣ ತಾಣಕ್ಕೆ ಎಸ್‌ಕ್ಯುಎಲೈಟ್ ಸಾಕಾಗುತ್ತದೆ, ಆದರೆ ಬೆಳೆಯುವ ಅಂದಾಜಿದ್ದರೆ ಮೊದಲ ದಿನವೇ ಪೋಸ್ಟ್‌ಗ್ರೆಸ್ ಹಾಕಿ, ನಡುವೆ ಬದಲಿಸುವುದು ತಲೆನೋವು. ಡಾಕರ್‌ನಲ್ಲಿ ನಡೆಸುವಾಗ ಡೇಟಾ ಫೋಲ್ಡರನ್ನು ಕಂಟೇನರಿನ ಹೊರಗಿನ ವಾಲ್ಯೂಮ್ ಎಂಬ ಡಿಸ್ಕ್ ಜಾಗಕ್ಕೆ ಜೋಡಿಸಲೇಬೇಕು. ಜೋಡಿಸದೆ ನಡೆಸಿದರೆ ಹೊಸ ಆವೃತ್ತಿ ಹಾಕಲು ಕಂಟೇನರ್ ಅಳಿಸಿದ ದಿನ ಪ್ರಶ್ನೆಗಳೂ ಫೋಟೋಗಳೂ ಒಟ್ಟಿಗೆ ಅಳಿಯುತ್ತವೆ. ಪ್ಲಗಿನ್ ಸೇರಿಸುವುದು ವರ್ಡ್‌ಪ್ರೆಸ್‌ನಷ್ಟು ಸಲೀಸಲ್ಲ. ಪ್ಲಗಿನ್ ಬೇಕೆಂದರೆ ಅದನ್ನು ಸೇರಿಸಿ ಇಡೀ ಪ್ರೋಗ್ರಾಮನ್ನು ಮತ್ತೆ ಬಿಲ್ಡ್ ಮಾಡಬೇಕು.

ಡಿಸ್ಕೋರ್ಸ್ 2013ರಲ್ಲಿ ಬಂತು, ಕಟ್ಟಿದವರಲ್ಲಿ ಒಬ್ಬರಾದ ಜೆಫ್ ಅಟ್‌ವುಡ್, ಸ್ಟ್ಯಾಕ್ ಎಕ್ಸ್‌ಚೇಂಜ್ ಜಾಲದ ಪ್ರೋಗ್ರಾಮಿಂಗ್ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದ ಸಹಸಂಸ್ಥಾಪಕರೂ ಹೌದು. ಇದು ಮೂಲತಃ ಚರ್ಚೆಯ ಸಾಫ್ಟ್‌ವೇರ್. ಎರಡು ಪ್ಲಗಿನ್‌ಗಳಿಂದ ಪ್ರಶ್ನೋತ್ತರಕ್ಕೆ ತಿರುಗಿಸಬಹುದು, ಆದರೆ ಎರಡರ ಕೆಲಸ ಬೇರೆ. ಸಾಲ್ವ್ಡ್ ಪ್ಲಗಿನ್ ಒಂದು ಉತ್ತರಕ್ಕೆ "ಪರಿಹಾರ" ಎಂಬ ಗುರುತು ಹಾಕುತ್ತದೆ ಅಷ್ಟೇ, ಉಳಿದ ಬರಹಗಳು ಬಂದ ಕ್ರಮದಲ್ಲೇ ಇರುತ್ತವೆ. ಪೋಸ್ಟ್ ವೋಟಿಂಗ್ ಪ್ಲಗಿನ್ ಹಾಕಿದರೆ ಉತ್ತರಗಳು ವೋಟಿನ ಕ್ರಮದಲ್ಲಿ ಬರುತ್ತವೆ, ಪ್ರತಿ ಉತ್ತರದ ಕೆಳಗೆ ಟಿಪ್ಪಣಿ ಬರೆಯಬಹುದು. ಅಡಿಕೆ ತಾಣಕ್ಕೆ ಬೇಕಾದದ್ದು ಎರಡನೆಯದು, ಅದೂ "ರೋಗ", "ಗೊಬ್ಬರ" ಮುಂತಾದ ವಿಭಾಗಗಳಿಗೆ ಮಾತ್ರ. "ಮಾರುಕಟ್ಟೆ" ವಿಭಾಗವನ್ನು ಮಾಮೂಲಿ ಚರ್ಚೆಯಾಗಿಯೇ ಬಿಡಿ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಇದು ನಡೆಯುವುದಿಲ್ಲ. ಕನಿಷ್ಠ 1 ಜಿಬಿ ರ‍್ಯಾಮ್, ಜೊತೆಗೆ 2 ಜಿಬಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ), 10 ಜಿಬಿ ಡಿಸ್ಕ್ ಬೇಕು. 1 ಜಿಬಿಯಲ್ಲಿ ತಾಣ ಓಡಿದರೂ ಅಪ್‌ಡೇಟ್ ಮಾಡುವಾಗ ಮೆಮೊರಿ ಸಾಲದೆ ನಿಂತುಹೋಗುತ್ತದೆ, ಆದ್ದರಿಂದ 2 ಜಿಬಿಯ ಸರ್ವರ್ ತೆಗೆದುಕೊಳ್ಳುವುದೇ ಲೇಸು. ಅಧಿಕೃತವಾಗಿ ಬೆಂಬಲವಿರುವುದು ಡಾಕರ್ ವಿಧಾನಕ್ಕೆ ಮಾತ್ರ, ಬೇರೆ ದಾರಿಯಲ್ಲಿ ಹಾಕಿದರೆ ತೊಂದರೆ ಬಂದಾಗ ಕೇಳುವವರಿರುವುದಿಲ್ಲ.

ನಿಮ್ಮ ಬಳಿ ಆಗಲೇ ವರ್ಡ್‌ಪ್ರೆಸ್ ತಾಣವಿದ್ದು, ದಿನಕ್ಕೆ ಐದಾರು ಪ್ರಶ್ನೆ ಬಂದರೆ ಹೆಚ್ಚು ಎನ್ನುವಂತಿದ್ದರೆ ಆನ್ಸ್‌ಪ್ರೆಸ್ ಎಂಬ ಪ್ಲಗಿನ್ ಸಾಕು. ವರ್ಡ್‌ಪ್ರೆಸ್‌ಗೆ ಕನ್ನಡ ಅನುವಾದವೂ ಇದೆ. ಸ್ಕೂಲ್ಡ್ ಜಾವಾದಲ್ಲಿದೆ, ಹಿಂದೆ ಪಾರಾ ಎಂಬ ಇನ್ನೊಂದು ಸರ್ವರ್ ಬೇಕು, ಕೆಲವು ಸೌಲಭ್ಯಗಳು ಹಣ ಕೊಟ್ಟ ಆವೃತ್ತಿಯಲ್ಲಿ ಮಾತ್ರ. ಕೊಡಿಡ್ಯಾಕ್ಟ್ ಸಮುದಾಯದ ಕ್ಯೂಪಿಕ್ಸೆಲ್ ರೂಬಿ ಆನ್ ರೈಲ್ಸ್‌ನಲ್ಲಿದೆ. ತಂಡದಲ್ಲಿ ರೂಬಿ ಬಲ್ಲವರಿದ್ದರೆ ಮಾತ್ರ ಅದರ ಕಡೆ ನೋಡಿ. ಆಸ್ಕ್‌ಬಾಟ್ ಒಂದು ಕಾಲದಲ್ಲಿ ಎಲ್ಲೆಡೆ ಇತ್ತು. ಫೆಡೋರಾ 2019ರಲ್ಲಿ, ಲಿಬ್ರೆಆಫೀಸ್ 2021ರಲ್ಲಿ ಅದನ್ನು ಬಿಟ್ಟು ಡಿಸ್ಕೋರ್ಸ್‌ಗೆ ಹೋದವು. ಓಎಸ್‌ಕ್ಯುಎ ಹೆಸರು ಹಳೆಯ ಪಟ್ಟಿಗಳಲ್ಲಿ ಇನ್ನೂ ಕಾಣುತ್ತದೆ, ಅದು ನಿಂತು ವರ್ಷಗಳಾದವು, ಮುಟ್ಟಬೇಡಿ.

ಪ್ರಾಜೆಕ್ಟ್ ಜೀವಂತವಾಗಿದೆಯೇ ಎಂದು ನೋಡಲು ಗಿಟ್‌ಹಬ್‌ನಲ್ಲಿ ಜನ ಮೆಚ್ಚಿ ಒತ್ತಿದ ಸ್ಟಾರ್‌ಗಳ ಎಣಿಕೆಯನ್ನು ನಂಬಬೇಡಿ, ಹಳೆಯ ಸ್ಟಾರ್‌ಗಳು ಎಂದೂ ಅಳಿಯುವುದಿಲ್ಲ. ಕೊನೆಯ ಬಿಡುಗಡೆಯ ತಾರೀಖು, ಕಳೆದ ಒಂದು ವರ್ಷದಲ್ಲಿ ಕೋಡ್ ಸೇರಿಸಿದವರು ಒಬ್ಬರೋ ಹಲವರೋ, ಭದ್ರತಾ ದೋಷ ವರದಿಯಾದಾಗ ಎಷ್ಟು ದಿನಕ್ಕೆ ಸರಿಪಡಿಸಿದರು, ಈಗಿನ ಪಿಎಚ್‌ಪಿ ಅಥವಾ ಪೋಸ್ಟ್‌ಗ್ರೆಸ್ ಆವೃತ್ತಿಯಲ್ಲಿ ನಡೆಯುತ್ತದೆಯೇ ಎಂಬ ನಾಲ್ಕನ್ನು ನೋಡಿ.

ಇನ್ನೊಬ್ಬರು ನಡೆಸಿಕೊಡುವ ಹೋಸ್ಟೆಡ್ ಸೇವೆಗೆ ಹಣ ಕಟ್ಟುವುದು ತಪ್ಪೇನಲ್ಲ. ಆದರೆ ಎಲ್ಲ ಪ್ರಶ್ನೆ, ಉತ್ತರ, ವೋಟು, ಬಳಕೆದಾರರ ಮಾಹಿತಿಯನ್ನು ನಾವೇ ಯಾವಾಗ ಬೇಕಾದರೂ ಇಳಿಸಿಕೊಳ್ಳಬಹುದೇ ಎಂದು ಮೊದಲು ಕೇಳಿ. 2009ರಲ್ಲಿ ಸ್ಟ್ಯಾಕ್ ಎಕ್ಸ್‌ಚೇಂಜ್ ಹಣ ಪಡೆದು ಯಾರಿಗೆ ಬೇಕಾದರೂ ತಾಣ ಕೊಡುತ್ತಿತ್ತು, ಮರುವರ್ಷವೇ ಆ ವ್ಯವಸ್ಥೆಯನ್ನು ಕೈಬಿಟ್ಟಿತು. ಯಾಹೂ ಆನ್ಸರ್ಸ್ 2021ರ ಮೇ 4ರಂದು ಮುಚ್ಚಿತು. ದೊಡ್ಡ ಹೆಸರು ಎಂಬ ಕಾರಣಕ್ಕೆ ಜಾಗ ಶಾಶ್ವತವಾಗುವುದಿಲ್ಲ.

ಕನ್ನಡದ ಪರೀಕ್ಷೆ

ಇದಕ್ಕೆ ಒಂದು ಇಡೀ ಸಂಜೆ ಕೊಡಿ. ಎರಡು ಅಥವಾ ಮೂರು ಸಾಫ್ಟ್‌ವೇರ್‌ಗಳನ್ನು ತಾತ್ಕಾಲಿಕವಾಗಿ ಹಾಕಿ, ಪ್ರತಿಯೊಂದರಲ್ಲೂ ಇದೇ ಶೀರ್ಷಿಕೆಯ ಪ್ರಶ್ನೆ ಕೇಳಿ:

ಅಡಿಕೆ ಮರದ ಬೇರಿಗೆ ಹುಳು ಬಿದ್ದರೆ ಏನು ಮಾಡಬೇಕು?

ಈಗ ಒಂದೊಂದಾಗಿ "ಅಡಿಕೆ", "ಅಡಿಕೆಯ", "ಮರ", "ಮರದ", "ಬೇರು", "ಬೇರಿಗೆ" ಎಂದು ಹುಡುಕಿ, ಯಾವುದಕ್ಕೆ ಪ್ರಶ್ನೆ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂದು ಬರೆದಿಟ್ಟುಕೊಳ್ಳಿ.

ಇಡೀ ಪದವನ್ನೇ ಹೊಂದಿಸುವ ಕ್ವೆಶ್ಚನ್‌ಟುಆನ್ಸರ್‌ನಲ್ಲಿ "ಮರದ" ಸಿಗುತ್ತದೆ, "ಮರ" ಸಿಗುವುದಿಲ್ಲ, ಏಕೆಂದರೆ ಅದರ ಸೂಚಿಯಲ್ಲಿ (ಇಂಡೆಕ್ಸ್) ದಾಖಲಾಗಿರುವುದು "ಮರದ" ಎಂಬ ಪದ ಮಾತ್ರ. ಪದದ ಆರಂಭ ಹೊಂದಿದರೆ ಸಾಕು ಎನ್ನುವ ಡಿಸ್ಕೋರ್ಸ್ ಥರದ ಹುಡುಕಾಟದಲ್ಲಿ "ಮರ" ಎಂದರೆ ಮರದ, ಮರಕ್ಕೆ, ಮರಗಳು ಎಲ್ಲ ಬರಬೇಕು. ಅಲ್ಲಿ ಅಡ್ಡಬರುವುದು ಬೇರೆ. ಹುಡುಕುವ ಪದಕ್ಕೆ ಕನಿಷ್ಠ 3 ಅಕ್ಷರ ಇರಬೇಕು ಎಂಬ ಮಿತಿ ಡಿಸ್ಕೋರ್ಸ್‌ನ ಮೂಲ ಹೊಂದಾಣಿಕೆಯಲ್ಲಿದೆ. "ಮರ", "ಹಣ", "ಜನ" ಎಲ್ಲಕ್ಕೂ ಎರಡೇ ಅಕ್ಷರ. ಅಡ್ಮಿನ್ ಹೊಂದಾಣಿಕೆಗಳಲ್ಲಿ ಆ ಮಿತಿಯನ್ನು 2ಕ್ಕೆ ಇಳಿಸಿ. ಮೈಎಸ್‌ಕ್ಯುಎಲ್‌ನ ಫುಲ್‌ಟೆಕ್ಸ್ಟ್ ಎಂಬ ಸೂಚಿಯನ್ನು ಬಳಸುವ ಹುಡುಕಾಟ ಪ್ಲಗಿನ್‌ಗಳಲ್ಲೂ ಇದೇ ಕಥೆ: ಅದರ ಇನ್ನೋಡಿಬಿ ವಿಧದ ಟೇಬಲ್‌ಗಳಲ್ಲಿ ಪದದ ಕನಿಷ್ಠ ಉದ್ದ 3. ಅದನ್ನು ಬದಲಿಸಲು ಡೇಟಾಬೇಸ್ ಸರ್ವರನ್ನೇ ಮತ್ತೆ ಆರಂಭಿಸಿ ಸೂಚಿ ಮತ್ತೆ ಕಟ್ಟಬೇಕು, ಶೇರ್ಡ್ ಹೋಸ್ಟಿಂಗ್‌ನಲ್ಲಿ ಆ ಅಧಿಕಾರ ನಿಮಗಿರುವುದಿಲ್ಲ. ಅಪಾಚೆ ಆನ್ಸರ್‌ನ ಮೂಲ ಹುಡುಕಾಟ, ಹಾಗೆಯೇ ವರ್ಡ್‌ಪ್ರೆಸ್‌ನದ್ದು, ಬರಹದೊಳಗೆ ಎಲ್ಲಿದ್ದರೂ ಆ ಅಕ್ಷರಗಳ ಸಾಲನ್ನು ಹುಡುಕುತ್ತದೆ. ಸಣ್ಣ ಕನ್ನಡ ತಾಣಕ್ಕೆ ಈ ಒರಟು ವಿಧಾನವೇ ಹೆಚ್ಚು ಉಪಕಾರಿ. ಪ್ರಶ್ನೆಗಳು ಹತ್ತಾರು ಸಾವಿರ ದಾಟಿದ ಮೇಲೆ ನಿಧಾನವಾಗುತ್ತದೆ, ಆಗ ಮೆಯ್ಲಿಸರ್ಚ್ ಅಥವಾ ಇಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟ ಎಂಜಿನ್ ಜೋಡಿಸುವ ಪ್ಲಗಿನ್‌ಗಳಿವೆ.

"ಅಡಿಕೆಯ" ಮತ್ತು "ಬೇರು" ಎಲ್ಲ ಕಡೆಯೂ ಸೋಲುತ್ತವೆ. ಶೀರ್ಷಿಕೆಯಲ್ಲಿರುವುದು ಪ್ರತ್ಯಯವಿಲ್ಲದ "ಅಡಿಕೆ". ಪ್ರತ್ಯಯ ಸೇರಿದಾಗ "ಬೇರು" ಹೋಗಿ "ಬೇರಿ" ಆಗುವುದರಿಂದ "ಬೇರಿಗೆ" ಎಂಬುದರ ಒಳಗೆ "ಬೇರು" ಎಂಬ ಅಕ್ಷರಸಾಲೇ ಇಲ್ಲ. ಹಾಲು–ಹಾಲಿನ, ಕಾಲು–ಕಾಲಿಗೆ, ನೀರು–ನೀರಿಗೆ ಎಲ್ಲವೂ ಹೀಗೆಯೇ. ಪದದ ಮೂಲರೂಪವನ್ನು ಬಿಡಿಸುವ ಸ್ಟೆಮ್ಮರ್ ಪೋಸ್ಟ್‌ಗ್ರೆಸ್‌ನಲ್ಲಿ ತಮಿಳಿಗೆ, ನೇಪಾಳಿಗೆ ಇದೆ, ಕನ್ನಡಕ್ಕಿಲ್ಲ. ಹಾಗಾಗಿ ಈ ಕೊರತೆಯನ್ನು ಟ್ಯಾಗ್‌ಗಳಿಂದ ತುಂಬಬೇಕು: ಪ್ರತಿ ಪ್ರಶ್ನೆಗೂ ಪ್ರಥಮಾ ವಿಭಕ್ತಿಯಲ್ಲಿರುವ ಎರಡು ಮೂರು ಟ್ಯಾಗ್, ಇಲ್ಲಿ "ಅಡಿಕೆ", "ಬೇರುಹುಳು". ಟ್ಯಾಗ್‌ಗೆ ಪರ್ಯಾಯ ಹೆಸರು ಕೊಡುವ ಸೌಲಭ್ಯ ಇರಲೇಬೇಕು. ಒಂದೇ ರೋಗವನ್ನು ಒಬ್ಬರು "ಕೊಳೆರೋಗ" ಎನ್ನುತ್ತಾರೆ, ಇನ್ನೊಬ್ಬರು "ಕೊಳೆ ರೋಗ" ಎಂದು ಬಿಡಿಸಿ ಬರೆಯುತ್ತಾರೆ, ಕೆಲವೆಡೆ ಅದು "ಮಹಾಳಿ". ಮೂರೂ ಒಂದೇ ಟ್ಯಾಗ್‌ಗೆ ಬಂದು ಸೇರದಿದ್ದರೆ ಒಂದು ರೋಗದ ಉತ್ತರಗಳು ಮೂರು ಕಡೆ ಹಂಚಿಹೋಗುತ್ತವೆ. ಟ್ಯಾಗ್‌ನ ವಿಳಾಸಕ್ಕೆ ಇಂಗ್ಲಿಷ್ ಅಕ್ಷರವನ್ನೇ ಕೇಳುವ ಸಾಫ್ಟ್‌ವೇರ್‌ಗಳೂ ಇರುವುದರಿಂದ ಕನ್ನಡ ಟ್ಯಾಗ್ ಒಂದನ್ನು ಮಾಡಿಯೇ ನೋಡಿ.

ಮುಂದೆ, ಕಾಣದ ಅಕ್ಷರಗಳು. "ಪೈಪ್‌ಲೈನ್" ಎಂದು ಬರೆಯುವಾಗ ಪಕಾರದ ಕೆಳಗೆ ಲಕಾರದ ಒತ್ತು ಬೀಳದಿರಲಿ ಎಂದು ಕೀಬೋರ್ಡ್ ನಡುವೆ ಶೂನ್ಯ ಅಗಲದ ಒಂದು ಅಕ್ಷರ ಹಾಕುತ್ತದೆ. ಅದನ್ನು ಹಾಕದ ಕೀಬೋರ್ಡಿನಲ್ಲಿ ಅದೇ ಪದ "ಪೈಪ್ಲೈನ್" ಆಗುತ್ತದೆ. ಓದುವವರಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಪದ. ಒಂದು ರೂಪದಲ್ಲಿ ಪ್ರಶ್ನೆ ಹಾಕಿ ಇನ್ನೊಂದು ರೂಪದಲ್ಲಿ ಹುಡುಕಿ. ಸಿಗದಿದ್ದರೆ, ಸೂಚಿ ಕಟ್ಟುವಾಗಲೂ ಹುಡುಕುವಾಗಲೂ ಈ ಅಕ್ಷರವನ್ನು ಕಿತ್ತುಹಾಕುವ ಸಣ್ಣ ಪ್ಲಗಿನ್ ಬರೆಸಬೇಕು. ತೋರಿಸುವ ಬರಹದಿಂದ ಮಾತ್ರ ತೆಗೆಯಬಾರದು, ತೆಗೆದರೆ ಓದುವ ಪುಟದಲ್ಲೂ ಬೇಡದ ಒತ್ತು ಕಾಣಿಸಿಕೊಳ್ಳುತ್ತದೆ. ಇದರ ಜೊತೆಗೇ ಯೂನಿಕೋಡ್‌ನ ಎನ್‌ಎಫ್‌ಸಿ ಏಕರೂಪತೆಯನ್ನೂ ಮಾಡಿಸಿ. "ಕೋ" ಎಂಬುದರ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ತುಂಡುಗಳಾಗಿಯೂ ಬರೆಯಬಹುದು. ಹಳೆಯ ನುಡಿ ಫೈಲುಗಳನ್ನು ಪರಿವರ್ತಿಸಿ ತಂದ ಬರಹದಲ್ಲಿ ತುಂಡು ರೂಪ ನುಸುಳಿರಬಹುದು.

ಪುಟದ ವಿಳಾಸ ನೋಡಿ. ಕನ್ನಡದ ಪ್ರತಿ ಸಂಕೇತ ಯುಟಿಎಫ್-8ರಲ್ಲಿ 3 ಬೈಟ್, ವಿಳಾಸದಲ್ಲಿ ಪ್ರತಿ ಬೈಟಿಗೆ ಶೇಕಡಾ ಚಿಹ್ನೆ ಸೇರಿ 3 ಅಕ್ಷರ, ಒಟ್ಟು 9. ಮೇಲಿನ ಶೀರ್ಷಿಕೆಯಲ್ಲಿ ಪ್ರಶ್ನಾರ್ಥಕ ಬಿಟ್ಟು 35 ಕನ್ನಡ ಸಂಕೇತಗಳಿವೆ. ಅಂದರೆ ಪದಗಳ ನಡುವಿನ 6 ಅಡ್ಡಗೆರೆ ಸೇರಿ, ಡೊಮೈನ್ ಹೆಸರು ಬಿಟ್ಟೇ 321 ಅಕ್ಷರದ ವಿಳಾಸ. ವಾಟ್ಸಾಪ್‌ನಲ್ಲಿ ಹಂಚಿದರೆ ಪರದೆ ತುಂಬ ಶೇಕಡಾ ಚಿಹ್ನೆ. ವರ್ಡ್‌ಪ್ರೆಸ್ ಇದನ್ನು 200 ಅಕ್ಷರಕ್ಕೆ ಕತ್ತರಿಸುವುದರಿಂದ ವಿಳಾಸ "ಅಡಿಕೆ-ಮರದ-ಬೇರಿಗೆ-ಹುಳು-ಬಿದ" ಎಂಬಲ್ಲಿ ಅರ್ಧ ಪದಕ್ಕೆ ನಿಲ್ಲುತ್ತದೆ. ಪರಿಹಾರ ಸುಲಭ: ಶೀರ್ಷಿಕೆಯನ್ನು ಬಿಟ್ಟು ಪ್ರಶ್ನೆಯ ಸಂಖ್ಯೆ ಮಾತ್ರ ಇರುವ ವಿಳಾಸ ಆರಿಸಿ. ಅಪಾಚೆ ಆನ್ಸರ್‌ನ ಹೊಂದಾಣಿಕೆಗಳಲ್ಲಿ ಅದಕ್ಕೆ ಅವಕಾಶವಿದೆ, ಡಿಸ್ಕೋರ್ಸ್‌ನಲ್ಲೂ ಸ್ಲಗ್ (ವಿಳಾಸದಲ್ಲಿ ಬರುವ ಶೀರ್ಷಿಕೆಯ ಭಾಗ) ಬೇಡ ಎನ್ನಬಹುದು. ಇದನ್ನು ತಾಣ ತೆರೆಯುವ ಮೊದಲೇ ತೀರ್ಮಾನಿಸಿ, ಆಮೇಲೆ ಬದಲಿಸಿದರೆ ಹಂಚಿದ ಕೊಂಡಿಗಳು ಮುರಿಯುವ ಅಪಾಯವಿದೆ.

ಅಕ್ಷರ ಎಣಿಕೆಯ ಮಿತಿಗಳೂ ಕನ್ನಡದಲ್ಲಿ ದಾರಿ ತಪ್ಪುತ್ತವೆ. ಡಿಸ್ಕೋರ್ಸ್‌ನಲ್ಲಿ ಶೀರ್ಷಿಕೆಗೆ ಕನಿಷ್ಠ 15 ಅಕ್ಷರ, ಬರಹಕ್ಕೆ 20. ಇಂಗ್ಲಿಷ್‌ನಲ್ಲಿ ಇದು ಒಂದೆರಡು ಪದದ ಶೀರ್ಷಿಕೆಗಳನ್ನು ತಡೆಯುತ್ತದೆ. ಕನ್ನಡದಲ್ಲಿ ಗುಣಿತದ ಚಿಹ್ನೆ, ಒತ್ತು ಎಲ್ಲವೂ ಬಿಡಿಯಾಗಿ ಎಣಿಕೆಯಾಗುವುದರಿಂದ "ಅಡಿಕೆ ರೋಗ ಪರಿಹಾರ" ಎಂಬ, ಯಾರಿಗೂ ಉತ್ತರಿಸಲಾಗದ ಶೀರ್ಷಿಕೆ 16 ಆಗಿ ಪಾಸಾಗಿಬಿಡುತ್ತದೆ. ಶೀರ್ಷಿಕೆಯ ಮಿತಿಯನ್ನು 25ಕ್ಕೆ, ಪ್ರಶ್ನೆಯ ವಿವರದ ಮಿತಿಯನ್ನು 60ರ ಆಸುಪಾಸಿಗೆ ಏರಿಸಿ.

ಬರಹದ ಕೊನೆಗೆ ಒಂದು ಎಮೋಜಿ ಹಾಕಿ ಉಳಿಸಿ ನೋಡಿ. ಮೈಎಸ್‌ಕ್ಯುಎಲ್‌ನ ಹಳೆಯ ಯುಟಿಎಫ್8 ವಿಧದಲ್ಲಿ ಕನ್ನಡ ಸರಿಯಾಗಿಯೇ ಕೂರುತ್ತದೆ, 4 ಬೈಟಿನ ಎಮೋಜಿ ಕೂರುವುದಿಲ್ಲ. ದೋಷ ಸಂದೇಶ ಬರಬಹುದು, ಇಲ್ಲವೇ ಎಮೋಜಿಯಿಂದ ಮುಂದಿನ ಬರಹವೆಲ್ಲ ಕತ್ತರಿಸಿಹೋಗಬಹುದು. ಕ್ವೆಶ್ಚನ್‌ಟುಆನ್ಸರ್ ಈ ಅಪಾಯ ತಪ್ಪಿಸಲು ಎಮೋಜಿಯನ್ನು ಸದ್ದಿಲ್ಲದೆ ತೆಗೆದುಹಾಕುತ್ತದೆ. ಬೇರೆ ಯಾವುದೇ ಸಾಫ್ಟ್‌ವೇರ್‌ಗೆ ಡೇಟಾಬೇಸ್ ಮಾಡುವಾಗ ಯುಟಿಎಫ್8ಎಂಬಿ4 ವಿಧವನ್ನೇ ಆರಿಸಿ.

ಕೊನೆಗೆ ಅಗ್ಗದ ಆಂಡ್ರಾಯ್ಡ್ ಫೋನ್ ಒಂದರಲ್ಲಿ "ಸ್ತ್ರೀ", "ರಾಷ್ಟ್ರೀಯ", "ಲಕ್ಷ್ಮೀ" ಇರುವ ಶೀರ್ಷಿಕೆಯನ್ನು ಪಟ್ಟಿಯ ಪುಟದಲ್ಲಿ ನೋಡಿ. ಸಾಲಿನ ಎತ್ತರ ಇಂಗ್ಲಿಷಿಗೆ ಹೊಂದಿಸಿದ್ದರೆ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಥೀಮಿನಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ, ಸಾಲಿನ ಎತ್ತರವನ್ನು 1.6ಕ್ಕೆ ಏರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಗುಂಡಿಗಳ ಕನ್ನಡ ಅನುವಾದ ಇಲ್ಲದಿದ್ದರೆ ಎಲ್ಲವನ್ನೂ ಒಮ್ಮೆಗೇ ಮಾಡಲು ಹೋಗಬೇಡಿ. ಸದಸ್ಯರು ದಿನವೂ ಒತ್ತುವ ಗುಂಡಿಗಳು ಮತ್ತು ಅವರಿಗೆ ಹೋಗುವ ಮೇಲ್‌ಗಳು ಮೊದಲು, ಅಡ್ಮಿನ್ ಪುಟಗಳು ಇಂಗ್ಲಿಷಿನಲ್ಲೇ ಇರಲಿ.

ಲಾಗಿನ್ ಮತ್ತು ಮೇಲ್

ಹೊಸ ತಾಣಗಳು ಅತಿ ಹೆಚ್ಚು ಸದಸ್ಯರನ್ನು ಕಳೆದುಕೊಳ್ಳುವುದು ಇಲ್ಲೇ. ಖಾತೆ ತೆರೆದವರಿಗೆ ದೃಢೀಕರಣದ ಮೇಲ್ ಬರುವುದಿಲ್ಲ, ಅವರು ಮತ್ತೆ ತಿರುಗಿ ನೋಡುವುದಿಲ್ಲ. ಶೇರ್ಡ್ ಹೋಸ್ಟಿಂಗ್‌ನಿಂದ ನೇರವಾಗಿ ಹೋದ ಮೇಲ್ ಸ್ಪ್ಯಾಮ್‌ಗೆ ಬೀಳುತ್ತದೆ, ಏಕೆಂದರೆ ಅದೇ ಐಪಿಯಿಂದ ನೂರಾರು ಬೇರೆ ತಾಣಗಳೂ ಮೇಲ್ ಕಳಿಸುತ್ತಿರುತ್ತವೆ. ಕ್ಲೌಡ್ ಸರ್ವರ್‌ಗಳಲ್ಲಿ, ಮೇಲ್ ನೇರವಾಗಿ ಹೊರಹೋಗುವ ದಾರಿಯಾದ 25ನೇ ಪೋರ್ಟನ್ನು ಹೆಚ್ಚಾಗಿ ಮುಚ್ಚಿರುತ್ತಾರೆ. ಮೇಲ್ ಕಳಿಸುವುದಕ್ಕೇ ಇರುವ ಸೇವೆಯೊಂದನ್ನು ಹಿಡಿದು 587ನೇ ಪೋರ್ಟಿನಲ್ಲಿ ಜೋಡಿಸಿ. ಡೊಮೈನ್‌ನ ಡಿಎನ್‌ಎಸ್‌ನಲ್ಲಿ ಮೇಲ್ ನಿಜಕ್ಕೂ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ದಾಖಲೆ ಹಾಕಿ. 2024ರ ಫೆಬ್ರುವರಿಯಿಂದ ಜಿಮೇಲ್ ಸಣ್ಣ ಕಳುಹಿಸುವವರಿಂದಲೂ ಮೊದಲೆರಡರಲ್ಲಿ ಒಂದನ್ನು ಕಡ್ಡಾಯವಾಗಿ ಕೇಳುತ್ತದೆ. ಡಿಸ್ಕೋರ್ಸ್‌ನಲ್ಲಂತೂ ಮೇಲ್ ಕೆಲಸ ಮಾಡದಿದ್ದರೆ ಮೊದಲ ಅಡ್ಮಿನ್ ಖಾತೆಯೇ ಸಕ್ರಿಯವಾಗದೆ ಹೋಗಬಹುದು. ಅನುಸ್ಥಾಪನೆ ನಿಂತುಹೋಗಲು ಇದೇ ಸಾಮಾನ್ಯ ಕಾರಣ.

ನಮ್ಮ ಬೆಳೆಗಾರರಲ್ಲಿ ಮೇಲ್ ತೆರೆಯುವ ರೂಢಿ ಕಡಿಮೆ, ಆದರೆ ಆಂಡ್ರಾಯ್ಡ್ ಫೋನ್ ಇರುವವರಿಗೆಲ್ಲ ಗೂಗಲ್ ಖಾತೆ ಇದ್ದೇ ಇರುತ್ತದೆ. ಗೂಗಲ್ ಲಾಗಿನ್ ಕೊಟ್ಟರೆ ಮುಕ್ಕಾಲು ತೊಂದರೆ ತೀರಿತು. ಫೋನ್ ನಂಬರಿಗೆ ಒಟಿಪಿ ಕಳಿಸುವುದು ಸುಲಭವೆಂದು ಕಂಡರೂ ಭಾರತದಲ್ಲಿ ಅದಕ್ಕೆ ಡಿಎಲ್‌ಟಿ (ಟೆಲಿಕಾಂ ಕಂಪನಿಗಳಲ್ಲಿ ಎಸ್‌ಎಂಎಸ್ ಕಳುಹಿಸುವವರ ದಾಖಲೆ) ನೋಂದಣಿ, ಸಂದೇಶದ ನಮೂನೆಗೆ ಒಪ್ಪಿಗೆ, ಪ್ರತಿ ಎಸ್‌ಎಂಎಸ್‌ಗೆ ಹಣ ಎಲ್ಲ ಬೇಕು. ನೋಂದಾಯಿತ ಸಂಸ್ಥೆ ಇಲ್ಲದ ಸ್ವಯಂಸೇವಕರ ಗುಂಪಿಗೆ ಅದು ಬೇಡ. ಪ್ರಶ್ನೆ ಓದಲು ಮಾತ್ರ ಯಾವ ಲಾಗಿನ್ನೂ ಇರಕೂಡದು. ಲಾಗಿನ್ ಹಿಂದೆ ಬಚ್ಚಿಟ್ಟ ಉತ್ತರ ಗೂಗಲ್‌ಗೂ ಕಾಣುವುದಿಲ್ಲ. ಪುಟದ ಕೋಡಿನಲ್ಲಿ ಕ್ಯುಎಪೇಜ್ ಎಂಬ ಸ್ಕೀಮಾ ಗುರುತು ಇದೆಯೇ ಎಂದೂ ನೋಡಿ, ಹುಡುಕಾಟದ ಎಂಜಿನ್‌ಗಳು ಪ್ರಶ್ನೆ ಯಾವುದು, ಒಪ್ಪಿದ ಉತ್ತರ ಯಾವುದು ಎಂದು ತಿಳಿಯುವುದು ಅದರಿಂದ.

ಅಂಕದ ಮಿತಿಗಳು, ಸ್ಪ್ಯಾಮ್

ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಮೇಲ್‌ವೋಟಿಗೆ 15 ಅಂಕ, ಎಲ್ಲಿ ಬೇಕಾದರೂ ಟಿಪ್ಪಣಿ ಬರೆಯಲು 50, ಕೆಳವೋಟಿಗೆ 125 ಬೇಕು. ಲಕ್ಷಾಂತರ ಜನರಿರುವ ಜಾಗಕ್ಕೆ ಅದು ಸರಿ. ಇನ್ನೂರು ಜನರ ತಾಣದಲ್ಲಿ ಅದನ್ನೇ ನಕಲು ಮಾಡಿದರೆ ವೋಟು ಹಾಕುವವರೇ ಇರುವುದಿಲ್ಲ, ವೋಟಿಲ್ಲದೆ ಯಾರಿಗೂ ಅಂಕವೂ ಬರುವುದಿಲ್ಲ. ಸ್ಟ್ಯಾಕ್ ಎಕ್ಸ್‌ಚೇಂಜ್ ಕೂಡ ತನ್ನ ಹೊಸ ತಾಣಗಳಿಗೆ ಮಿತಿಗಳನ್ನು ತಗ್ಗಿಸಿಯೇ ಇಡುತ್ತದೆ. ಮೊದಲ ವರ್ಷ ವೋಟು, ಟಿಪ್ಪಣಿ ಎಲ್ಲರಿಗೂ ಮುಕ್ತವಾಗಿರಲಿ. ಬೇರೆಯವರ ಬರಹ ತಿದ್ದುವ ಅಧಿಕಾರಕ್ಕೆ 100 ಅಂಕ, ಪ್ರಶ್ನೆ ಮುಚ್ಚುವುದು ನಿರ್ವಾಹಕರಿಗೆ ಮಾತ್ರ. ಕೆಳವೋಟನ್ನು ಉತ್ತರಗಳಿಗೆ ಇಡಿ, ಪ್ರಶ್ನೆಗಳಿಗೆ ತೆಗೆದುಬಿಡಿ. ತಪ್ಪು ಪ್ರಮಾಣದ ಔಷಧಿ ಹೇಳಿದ ಉತ್ತರ ಕೆಳಗಿಳಿಯಬೇಕು, ಆದರೆ ಮೊದಲ ಸಲ ಕೇಳಿದವರನ್ನು ಕೆಳವೋಟಿನಿಂದ ಸ್ವಾಗತಿಸಿದರೆ ಅವರು ಮತ್ತೆ ಬರುವುದಿಲ್ಲ.

ಸ್ಪ್ಯಾಮ್ ತಡೆಗೆ ಡಿಸ್ಕೋರ್ಸ್‌ನ ನಂಬಿಕೆಯ ಹಂತಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಹೊಸಬರು ಕನಿಷ್ಠ 5 ವಿಷಯ ತೆರೆದು, 30 ಬರಹ ಓದಿ, 10 ನಿಮಿಷ ಕಳೆದ ಮೇಲೆ ಮುಂದಿನ ಹಂತಕ್ಕೆ ಏರುತ್ತಾರೆ, ಅಲ್ಲಿಯವರೆಗೆ ಕೊಂಡಿ, ಚಿತ್ರಗಳಿಗೆ ಮಿತಿ. ನಿಮ್ಮ ಸದಸ್ಯರು ರೋಗ ಬಿದ್ದ ಎಲೆಯ ಫೋಟೋ ಜೊತೆಗೇ ಮೊದಲ ಪ್ರಶ್ನೆ ಕೇಳುವವರು, ಆದ್ದರಿಂದ ಚಿತ್ರದ ಮಿತಿಯನ್ನು ಸಡಿಲಿಸಿ ಕೊಂಡಿಯದ್ದನ್ನು ಬಿಗಿಯಾಗಿಯೇ ಇಡಿ. ಕ್ವೆಶ್ಚನ್‌ಟುಆನ್ಸರ್‌ನಲ್ಲಿ ಕ್ಯಾಪ್ಚಾ ಹಾಕುವುದರ ಜೊತೆಗೆ ಹೊಸಬರ ಬರಹಗಳನ್ನು ಪರಿಶೀಲನೆಗೆ ತಡೆಹಿಡಿಯಿರಿ. ಎಐ ಬರೆದ ಉತ್ತರಗಳ ಬಗ್ಗೆ ನಿಯಮವನ್ನು ಮೊದಲೇ ಬರೆದಿಡಿ. ಸ್ಟ್ಯಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲೇ ಅವನ್ನು ನಿಷೇಧಿಸಿತು. ಸಿಂಪಡಣೆಯ ಪ್ರಮಾಣವನ್ನು ಆತ್ಮವಿಶ್ವಾಸದಿಂದ ತಪ್ಪಾಗಿ ಹೇಳುವ ಉತ್ತರ ತೋಟವನ್ನೇ ಹಾಳುಮಾಡಬಲ್ಲದು.

ಕಾನೂನು, ಪರವಾನಗಿ, ಬ್ಯಾಕಪ್

ಬೇರೆಯವರು ಬರೆದದ್ದನ್ನು ಪ್ರಕಟಿಸುವ ತಾಣ 2021ರ ಐಟಿ ನಿಯಮಗಳ ಪ್ರಕಾರ ಮಧ್ಯವರ್ತಿ. ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ ತಾಣದಲ್ಲೇ ಇರಬೇಕು. ಬರಹಗಳಿಗೆ ಯಾವ ಪರವಾನಗಿ ಎಂಬುದನ್ನು ಮೊದಲ ದಿನವೇ ಬಳಕೆಯ ಷರತ್ತಿನಲ್ಲಿ ಹಾಕಿ. ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ-ಎಸ್‌ಎ 4.0 ಒಳ್ಳೆಯ ಆಯ್ಕೆ, ಅದರಿಂದ ಉತ್ತರಗಳನ್ನು ಮುಂದೆ ಬೇರೆ ತಾಣಕ್ಕೆ ಒಯ್ಯಲು, ಪುಸ್ತಕ ಮಾಡಲು ಅಡ್ಡಿಯಿರುವುದಿಲ್ಲ. ನಂತರ ಬದಲಿಸಬೇಕೆಂದರೆ ಬರೆದ ಪ್ರತಿಯೊಬ್ಬರ ಒಪ್ಪಿಗೆಯ ಪ್ರಶ್ನೆ ಏಳುತ್ತದೆ.

ಬ್ಯಾಕಪ್ ದಿನಕ್ಕೊಂದು, ಸರ್ವರಿನ ಹೊರಗೆ. ಡೇಟಾಬೇಸ್ ಜೊತೆಗೆ ಅಪ್‌ಲೋಡ್ ಆದ ಚಿತ್ರಗಳ ಫೋಲ್ಡರೂ ಸೇರಿರಬೇಕು, ಎಲೆಯ ಫೋಟೋ ಇಲ್ಲದ ರೋಗದ ಪ್ರಶ್ನೆಗೆ ಅರ್ಥವಿಲ್ಲ. ತೆರೆಯುವ ಮುನ್ನ ಒಮ್ಮೆ ಬೇರೆ ಸರ್ವರಿನಲ್ಲಿ ಆ ಬ್ಯಾಕಪ್‌ನಿಂದ ತಾಣವನ್ನು ಎಬ್ಬಿಸಿ, ಕನ್ನಡ ಬರಹ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗದೆ ಸರಿಯಾಗಿ ಬಂತೇ ನೋಡಿ. ಅಂಥ ಸಾಲು ಬಂದರೆ ಡೇಟಾಬೇಸ್ ಇಳಿಸುವಾಗ ಅಕ್ಷರವಿಧ ತಪ್ಪಾಗಿದೆ ಎಂದರ್ಥ, ಯುಟಿಎಫ್8ಎಂಬಿ4 ಎಂದು ಸ್ಪಷ್ಟವಾಗಿ ಹೇಳಿ ಮತ್ತೆ ಇಳಿಸಿ.

ಹಾಗಾದರೆ ಯಾವುದು?

ಕಮಾಂಡ್ ಲೈನ್ ಗೊತ್ತಿಲ್ಲದ ತಂಡ, ಕೈಯಲ್ಲಿ ಹಣ ಕಡಿಮೆ: ಕ್ವೆಶ್ಚನ್‌ಟುಆನ್ಸರ್, ಹುಡುಕಾಟದ ಕೊರತೆಯನ್ನು ಟ್ಯಾಗ್‌ಗಳಿಂದ ತುಂಬಿಕೊಳ್ಳುವ ಸಿದ್ಧತೆಯೊಂದಿಗೆ. ಡಾಕರ್ ಬಲ್ಲವರಿದ್ದು, ಬೇಕಾದದ್ದು ಪ್ರಶ್ನೋತ್ತರ ಮಾತ್ರ ಎಂದಾದರೆ ಅಪಾಚೆ ಆನ್ಸರ್. ಮೇಲಿನ ಅಡಿಕೆ ತಾಣಕ್ಕೆ ನಮ್ಮ ಮೊದಲ ಆಯ್ಕೆ ಅದೇ, ಪ್ರತ್ಯಯ ಸೇರಿದ ಪದಗಳನ್ನೂ ಹುಡುಕಿಕೊಡುವ ಒಂದೇ ಕಾರಣಕ್ಕೆ. ಪ್ರಶ್ನೆಗಳಷ್ಟೇ ಚರ್ಚೆಯೂ ನಡೆಯುವ ಸಮುದಾಯ, ನಿರ್ವಹಣೆಗೆ ಇಬ್ಬರಾದರೂ ಇದ್ದಾರೆ ಎಂದರೆ ಡಿಸ್ಕೋರ್ಸ್.

ಯಾವುದನ್ನು ಆರಿಸಿದರೂ ಖಾಲಿ ತಾಣವನ್ನು ತೆರೆಯಬೇಡಿ. ವಾಟ್ಸಾಪ್ ಗುಂಪಿನಲ್ಲಿ ಪದೇಪದೇ ಬರುವ ಅರವತ್ತರಿಂದ ನೂರು ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಹಾಕಿ, ಬಲ್ಲವರಿಂದ ಉತ್ತರ ಬರೆಸಿ, ಟ್ಯಾಗ್ ಹಚ್ಚಿ. ಗುಂಪಿನಲ್ಲಿ ಅದೇ ಪ್ರಶ್ನೆ ಮತ್ತೆ ಬಂದಾಗ ಉತ್ತರ ಬರೆಯುವ ಬದಲು ತಾಣದ ಕೊಂಡಿ ಕೊಡಿ. ತಿಂಗಳ ಕೊನೆಗೆ, ಜನ ಹುಡುಕಿ ಏನೂ ಸಿಗದ ಪದಗಳ ಪಟ್ಟಿಯನ್ನು ಸರ್ವರ್ ಲಾಗ್‌ನಿಂದ ತೆಗೆಯಿರಿ. ಆ ಪಟ್ಟಿಯಲ್ಲಿ "ಬೇರು", "ಅಡಿಕೆ ಕೊಳೆ", ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ ಕನ್ನಡ ಪದಗಳು ಕಾಣುತ್ತವೆ. ಒಂದೊಂದನ್ನೂ ಸರಿಯಾದ ಟ್ಯಾಗ್‌ನ ಪರ್ಯಾಯ ಹೆಸರಾಗಿ ಸೇರಿಸಿ. ಮುಂದೆ ಸಾಫ್ಟ್‌ವೇರ್ ಬದಲಿಸುವ ದಿನ ಬಂದರೆ ಹಳೆಯ ಪ್ರಶ್ನೆ ಸಂಖ್ಯೆ ಮತ್ತು ಹೊಸ ಸಂಖ್ಯೆ ಎರಡೂ ಇರುವ ಕೋಷ್ಟಕ ಮಾಡಿ, ವೆಬ್ ಸರ್ವರಿನಲ್ಲಿ ಪ್ರತಿ ಹಳೆಯ ವಿಳಾಸದಿಂದ ಹೊಸದಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನ ಹಾಕಿ. ವಿಳಾಸದಲ್ಲಿ ಸಂಖ್ಯೆ ಮಾತ್ರ ಇಟ್ಟುಕೊಂಡಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಅದು.